ಅತಿವಾಸ್ತವವಾದ: ಸ್ವಪ್ನಚಿತ್ರಣವೇ, ಸೃಷ್ಟಿವಿಧಾನವೇ?

ಸ್ವಪ್ನಸದೃಶವಾದ ಚಿತ್ರಗಳನ್ನೆಲ್ಲ ಅತಿವಾಸ್ತವವಾದಿ ಎಂದು ಕರೆಯುವ ರೂಢಿ ಪುನರ್ವಿಮರ್ಶೆಗೆ ಅರ್ಹವಾಗಿದೆ. ಪಂಥದ ಪ್ರವರ್ತಕ ಆಂದ್ರೆ ಬ್ರೆತೋನ್ 1916ರಲ್ಲಿ ಫ್ರಾನ್ಸಿನ ಮನೋವೈದ್ಯಕೀಯ ಕೇಂದ್ರವೊಂದರಲ್ಲಿ, ಯುದ್ಧದಿಂದ ಮನಸ್ಸು ಕದಡಿದ ಸೈನಿಕರ ಮಾತುಗಳನ್ನು ಆಲಿಸಿದವನು. ತರ್ಕಬುದ್ಧಿಯ ಮೇಲಿನ ಅವಿಶ್ವಾಸವೇ ಅವನ 1924ರ ಪ್ರಣಾಳಿಕೆಯ ತಿರುಳು. 1919ರಲ್ಲಿ ಅವನು ಫಿಲಿಪ್ ಸೂಪೋನೊಡನೆ ಕೈಗೊಂಡ ಸ್ವಯಂಚಾಲಿತ ಬರವಣಿಗೆ, 1925ರಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಮರದ ನೆಲದ ಮೇಲೆ ಕಾಗದವಿರಿಸಿ ಉಜ್ಜಿ ಪಡೆದ ಆಕೃತಿಗಳು - ಎರಡೂ ಕಲಾವಿದನ ಪೂರ್ವಸಂಕಲ್ಪವನ್ನು ಬದಿಗಿರಿಸುವ ಪ್ರಯೋಗಗಳೇ. ಸಾಲ್ವದೋರ್ ದಾಲಿಯ ಕರಗುವ ಗಡಿಯಾರಗಳ (1931) ಪ್ರಸಿದ್ಧಿಯಲ್ಲಿ ಈ ವಿಧಾನ ಮರೆಯಾಯಿತು. ಆದರೆ ಜಾಕ್ಸನ್ ಪೊಲಾಕ್‌ನಂತಹ ಅಮೂರ್ತ ಚಿತ್ರಕಾರರಿಗೆ ಪ್ರೇರಣೆಯಾದದ್ದು ವಿಧಾನವೇ ಹೊರತು ಸ್ವಪ್ನದೃಶ್ಯವಲ್ಲ. ಆದ್ದರಿಂದ ಕೃತಿ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಹೇಗೆ ಹುಟ್ಟಿತು ಎಂಬುದನ್ನೇ ವಿಮರ್ಶೆ ಮೊದಲು ಕೇಳಬೇಕಾಗುತ್ತದೆ.