ಗ್ರಿಲ್‌ನಲ್ಲಿ ಪಾಪಿ, ಬಾಗಿಲಿಗೆ ಪ್ಲಾಸ್ಟಿಕ್ ಚೆಂಡು

ಕೊರಿಯರ್‌ನವನು ಕೊಟ್ಟುಹೋದ ಪುಟ್ಟ ಲಕೋಟೆಯನ್ನು ಅವ್ವ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಏನ್ ಬೀಜೋ ತಮ್ಮಾ ಇದು?’ ಎಂದಳು.

‘ಪಾಪಿ’ ಎಂದೆ.

‘ಯಾರಿಗೆ ಬೈಯಾಕತ್ತಿ?’ ಎಂದಳು.

ಅದು ಹೂವಿನ ಹೆಸರು ಎಂದು ತಿಳಿಸಿ ಹೇಳುವಷ್ಟರಲ್ಲಿ ಲಕೋಟೆ ಹರಿದು ಅಂಗೈಗೆ ಸುರಿದುಕೊಂಡಿದ್ದಳು. ‘ಗಸಗಸಿ ಇದ್ದಾಂಗ ಐತಲ್ಲ?’ ಅವ್ವ ತಮಾಷೆಗೆ ಅಂದ ಆ ಮಾತು ಆಮೇಲೆ ನನ್ನ ನಿದ್ದೆ ಕೆಡಿಸಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಕಳವಾದ ಖಾರೇಗಾಂವ್ ಕಡೆಯ ಎರಡು ಕೋಣೆಯ ಫ್ಲ್ಯಾಟ್. ಕಿಟಕಿಯಿಂದ ಪಾರ್ಸಿಕ್ ಗುಡ್ಡದ ಒಂದು ತುಂಡು ಕಾಣುತ್ತದೆ. ಕಿಟಕಿಗೆ ಹೊರಚಾಚಿದ ಕಬ್ಬಿಣದ ಗ್ರಿಲ್ಲೇ ನಮ್ಮ ತೋಟ. ಅದರಲ್ಲಿ ಒತ್ತಿ ಇಟ್ಟರೆ ಆರು ಕುಂಡ ಹಿಡಿಸುತ್ತವೆ. ನಾನು ವಿಟಾವಾ ದಾಟಿ ಐರೋಲಿಯ ಆಫೀಸಿಗೆ ಹೋಗುವವನು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಮರಳಿ ಬರುವಾಗ ರಾತ್ರಿ. ಅಪ್ಪ ತೀರಿಕೊಂಡ ಮೇಲೆ ರಾಣೆಬೆನ್ನೂರು ತಾಲ್ಲೂಕಿನ ಮೂರು ಎಕರೆ ಹೊಲವನ್ನು ಲಾವಣಿಗೆ ಹಾಕಿ ಅವ್ವ ನಮ್ಮಲ್ಲಿಗೆ ಬಂದಳು. ಬರುವಾಗ ಸೀರೆಯ ಗಂಟಿನಲ್ಲಿ ಒಣಗಿದ ಚೆಂಡು ಹೂವುಗಳನ್ನು ತಂದಿದ್ದಳು, ಬೀಜಕ್ಕೆಂದು. ಅವನ್ನು ಹಾಕಲು ನಾನೇ ಜಾಗ ಕೊಡಲಿಲ್ಲ. ‘ಚೆಂಡು ಹೂವು ಎಲ್ಲಾ ಕಡೆ ಸಿಗ್ತದವ್ವಾ, ಏನರ ಬ್ಯಾರೆ ಹಾಕೋಣು’ ಎಂದಿದ್ದೆ.

ಬೇರೆ ಎಂದರೆ ಪಾಪಿ. ಕಂಪನಿ ಕೆಲಸದ ಮೇಲೆ ಒಂದು ಜೂನ್‌ನಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ರೈಲಿನ ಕಿಟಕಿಯಿಂದ ನೋಡಿದ್ದೆ. ಗೋಧಿ ಹೊಲದ ಅಂಚಿಗೆ ಯಾರೂ ಬಿತ್ತದೆ ಹುಟ್ಟಿದ ಕೆಂಪು. ಅದರ ಚಂದವನ್ನು ಅಲ್ಲಗಳೆಯುವುದು ಸುಳ್ಳಾದೀತು. ಮೊಗ್ಗು ತಲೆ ತಗ್ಗಿಸಿಕೊಂಡೇ ಬೆಳೆಯುತ್ತದೆ. ಅರಳುವ ಹೊತ್ತಿಗೆ ಕತ್ತು ನೇರ ಮಾಡಿ, ಮೇಲಿನ ಎರಡು ಹಸಿರು ಸಿಪ್ಪೆಗಳನ್ನು ಕೆಳಕ್ಕೆ ಕೆಡವಿ, ಇಸ್ತ್ರಿ ಕಾಣದ ರೇಷ್ಮೆ ಕುಪ್ಪಸದ ಹಾಗೆ ಸುಕ್ಕುಸುಕ್ಕಾಗಿ ಬಿಚ್ಚಿಕೊಳ್ಳುತ್ತದೆ. ಅಂಥದ್ದೊಂದು ನನ್ನ ಗ್ರಿಲ್‌ನಲ್ಲೂ ಇರಲಿ ಎಂಬ ಆಸೆ. ಅದರಲ್ಲಿ ಸ್ವಲ್ಪ ಒಣಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಇಂಟರ್‌ನೆಟ್‌ನಲ್ಲಿ ಓದಿ ನವೆಂಬರ್‌ನಲ್ಲಿ ಹಾಕಿದೆ. ಅದಕ್ಕೆ ಚಳಿ ಬೇಕು. ಕಳವಾದಲ್ಲಿ ಅಕ್ಟೋಬರ್ ಎಂದರೆ ಎರಡನೇ ಬೇಸಿಗೆ, ಚಳಿ ಎನ್ನುವಂಥದ್ದು ಬರುವುದೇ ಡಿಸೆಂಬರ್ ನಡುವಿನಲ್ಲಿ, ಅದೂ ಬೆಳಗಿನ ಎರಡು ತಾಸು. ಬೀಜ ಧೂಳಿನಷ್ಟು ಸಣ್ಣದು, ಮಣ್ಣು ಮುಚ್ಚಿದರೆ ಹುಟ್ಟುವುದಿಲ್ಲ, ಮೇಲೆ ಉದುರಿಸಿ ಒತ್ತಬೇಕು. ತಾಯಿಬೇರು ನೇರ ಕೆಳಗಿಳಿಯುವ ಗಿಡವಾದ್ದರಿಂದ ಕಿತ್ತು ನೆಟ್ಟರೆ ಸಾಯುತ್ತದೆ. ನೀರು ಸ್ವಲ್ಪ ಹೆಚ್ಚಾದರೆ ಸಸಿಗಳು ಬುಡ ಕೊಳೆತು ಮಲಗುತ್ತವೆ. ನನ್ನವು ಹಾಗೇ ಮಲಗಿದವು. ಉಳಿದದ್ದು ಮೂರು.

ಫೆಬ್ರುವರಿಯಲ್ಲಿ ಮೊದಲ ಹೂವು ಅರಳಿತು. ಆ ದಿನ ನಾನು ಏಳೂವರೆಗೆ ಹೊರಟಾಗ ಅದು ಇನ್ನೂ ಮೊಗ್ಗು. ರಾತ್ರಿ ಬಂದಾಗ ಕತ್ತಲಲ್ಲಿ ಮುದುಡಿತ್ತು. ಮರುದಿನ ತಡವಾಯಿತು. ಅದರ ಮರುದಿನ ನಾನು ನೋಡುವಷ್ಟರಲ್ಲಿ ದಳಗಳೆಲ್ಲ ಕುಂಡದ ಮಣ್ಣಿನ ಮೇಲಿದ್ದವು. ಪಾಪಿಯನ್ನು ಪೂರ್ತಿ ನೋಡಿದ್ದು ಅವ್ವ ಒಬ್ಬಳೇ. ‘ನೋಡಾಕ ಛಲೋ ಇತ್ತಪ. ಆದ್ರ ಮುಟ್ಟಿದ್ರ ಉದುರತೈತಿ. ದೇವರಿಗೂ ಬರಂಗಿಲ್ಲ, ತಲಿಗೂ ಬರಂಗಿಲ್ಲ’ ಎಂದಳು.

ಇನ್ನು ಗಸಗಸೆಯ ವಿಷಯ. ನಾನು ತರಿಸಿದ ಲಕೋಟೆಯ ಮೇಲೆ ಇದ್ದದ್ದು ‘ಪಾಪಿ, ಮಿಶ್ರ ಬಣ್ಣ’ ಎಂದಷ್ಟೇ. ಜಾತಿಯ ಹೆಸರಿಲ್ಲ. ಪಾಪಿ ಎನ್ನುವುದು ಒಂದು ಗಿಡವಲ್ಲ, ದೊಡ್ಡ ಕುಟುಂಬ. ಹೊಲದಂಚಿನ ಕೆಂಪು ಪಾಪಿ, ಅದರಿಂದಲೇ ತೆಗೆದ ಶರ್ಲಿ ಪಾಪಿ, ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪಿ, ಇವನ್ನೆಲ್ಲ ಬೆಳೆಸಲು ಅಡ್ಡಿಯಿಲ್ಲ. ಆದರೆ ನಮ್ಮ ಪಾಯಸದ ಗಸಗಸೆ ಬರುವ ಗಿಡವೇ ಅಫೀಮಿನ ಗಿಡ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಅದನ್ನು ಬೆಳೆಸುವುದು ಅಪರಾಧ, ಶಿಕ್ಷೆ ವರ್ಷಗಟ್ಟಲೆ ಜೈಲು. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶದ ಗೊತ್ತುಮಾಡಿದ ಪ್ರದೇಶಗಳಲ್ಲಿ ಮಾತ್ರ, ಕೇಂದ್ರದ ನಾರ್ಕೋಟಿಕ್ಸ್ ಬ್ಯೂರೊ ಕೊಟ್ಟ ಲೈಸೆನ್ಸ್ ಇದ್ದವರು ಬೆಳೆಯುತ್ತಾರೆ. ಗಸಗಸೆ ತಿನ್ನಬಹುದು, ಬಿತ್ತುವ ಹಾಗಿಲ್ಲ.

ಇದನ್ನು ಓದಿದ ರಾತ್ರಿ ಮೊಬೈಲ್ ಬೆಳಕು ಹಿಡಿದು ಗ್ರಿಲ್‌ನಲ್ಲಿ ಎಲೆ ಪರೀಕ್ಷೆ ಮಾಡಿದ್ದೇನೆ, ಹೆಂಡತಿ ನಗುತ್ತಿದ್ದಳು. ಅಫೀಮಿನ ಗಿಡದ ಎಲೆ ಬೂದುಬೂದಾಗಿ, ನುಣುಪಾಗಿ, ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕೆಂಪು ಪಾಪಿಯದು ಹಸಿರು, ಕತ್ತರಿಸಿದ ಹಾಗಿರುತ್ತದೆ, ಮೇಲೆ ಒರಟು ರೋಮ. ನನ್ನದು ರೋಮದ್ದೇ ಆಗಿತ್ತು. ಆದರೂ ನನ್ನ ಮಾತು ಇಷ್ಟು: ಬೀಜದ ಪೊಟ್ಟಣದ ಮೇಲೆ ಸಸ್ಯದ ಪೂರ್ತಿ ಹೆಸರು ಹಾಕದೆ ಆನ್‌ಲೈನ್‌ನಲ್ಲಿ ಮಾರಲು ಬಿಡಬಾರದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಷ್ಟು ವಿವರವೂ ಜೈಲಿಗೆ ಕಳಿಸಬಲ್ಲ ಬೀಜದ ಮೇಲೆ ಬೇಡವೇ?

ಹಾಗೆ ನೋಡಿದರೆ ಪಾಪಿಗೆ ಮುಂಬೈ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಾಳವಾದ ಅಫೀಮು ಇದೇ ಬಂದರಿನಿಂದ ಚೀನಾಕ್ಕೆ ಹಡಗು ಹತ್ತುತ್ತಿತ್ತು. 1845ರಲ್ಲಿ ಶುರುವಾದ ಜೆ.ಜೆ. ಆಸ್ಪತ್ರೆಗೆ ಹಣ ಕೊಟ್ಟ ಜಮ್ಶೆಟ್‌ಜಿ ಜೀಜೀಭಾಯ್ ಸಂಪಾದನೆಯಲ್ಲಿ ಹತ್ತಿಯ ಜೊತೆಗೆ ಅಫೀಮೂ ಇತ್ತು. ಹೂವು ನೋಡದೆಯೇ ಈ ನಗರ ಪಾಪಿಯ ಉಪ್ಪು ತಿಂದಿದೆ.

ನಮ್ಮ ಮನೆ ತಿಂದದ್ದು ಚೆಂಡು ಹೂವಿನ ಉಪ್ಪು. ಅಪ್ಪ ಮೆಣಸಿನಕಾಯಿ, ಟೊಮೆಟೊ ಜೊತೆಗೆ ಅರ್ಧ ಎಕರೆ ಚೆಂಡು ಹಾಕುತ್ತಿದ್ದ. ಒಂದು ದೀಪಾವಳಿಗೆ ಬಂದ ಒಳ್ಳೆಯ ರೇಟಿನಲ್ಲಿ ನನ್ನ ಎಂಟೆಕ್‌ನ ಒಂದು ಸೆಮಿಸ್ಟರ್ ಫೀ ಕಟ್ಟಿದ. ಇನ್ನೊಂದು ವರ್ಷ ದಸರಾ ಮುಗಿದ ಮರುದಿನವೇ ರೇಟು ಬಿದ್ದು, ಬಿಡಿಸುವ ಕೂಲಿಯೂ ಹುಟ್ಟದೆ, ಹೂವು ಗಿಡದಲ್ಲೇ ಕಪ್ಪಾಯಿತು. ಆ ವರ್ಷ ಅವ್ವನ ಕಿವಿಯ ಬೆಂಡೋಲೆ ಹೋಯಿತು. ಹಬ್ಬದ ಹೂವಿನ ಕಷ್ಟವೇ ಇದು. ಎಲ್ಲರ ಗಿಡವೂ ಒಂದೇ ವಾರಕ್ಕೆ ಹೂವು ಬಿಡುವಂತೆ ನೆಟ್ಟಿರುತ್ತಾರೆ.

ತೋಟದ ಹೂವಾಗಿ ಅದರ ಕೆಲಸ ನೋಡಿ. ಬೀಜ ಹಾಕಿದ ವಾರದೊಳಗೆ ಮೊಳಕೆ. ಕಿತ್ತು ನೆಟ್ಟರೂ ಸಿಟ್ಟಿಲ್ಲ. ನೆಟ್ಟು ತಿಂಗಳಾದ ಮೇಲೆ ತುದಿ ಚಿವುಟಿದರೆ ಪಕ್ಕಕ್ಕೆ ಕವಲೊಡೆದು ಇನ್ನಷ್ಟು ಹೂವು. ಬಾಡಿದ್ದನ್ನು ಕಿತ್ತಷ್ಟೂ ಹೊಸದು. ಟೊಮೆಟೊಗೆ ಬೀಳುವ ಕಾಯಿಕೊರಕ ಹುಳ ಮೊಟ್ಟೆ ಇಡಲು ಚೆಂಡು ಹೂವನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮೆಟೊಗೆ 1 ಸಾಲು ಎತ್ತರದ ಚೆಂಡು ಹಾಕಿ ಎಂದು ಹೇಳಿದ್ದು. ಬೇರಿನಿಂದ ಹೊರಡುವ ವಸ್ತು ಮಣ್ಣಿನ ಜಂತುಹುಳಗಳಿಗೂ ಆಗಿಬರುವುದಿಲ್ಲ. ಗುಂಡ್ಲುಪೇಟೆಯ ಕಡೆ ಹೊಲಗಟ್ಟಲೆ ಬೆಳೆಯುವ ಚೆಂಡು ದೇವರ ತಲೆಗೆ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಬಣ್ಣ ಕೋಳಿಯ ಮೇವಿಗೂ ಸೇರಿ ಮೊಟ್ಟೆಯ ಹಳದಿ ಹೆಚ್ಚಿಸುತ್ತದೆ.

ದೋಷವೂ ಇದೆ. ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನಮ್ಮ ಜಡಿಮಳೆಗೆ ದೊಡ್ಡ ಹೂವು ನೀರು ಕುಡಿದು ಕೊಳೆಯುತ್ತದೆ. ಬೇಸಿಗೆಯ ಧೂಳಿನಲ್ಲಿ ಎಲೆಗೆ ಕೆಂಪು ನುಸಿ ಹತ್ತುತ್ತದೆ. ಇನ್ನು ‘ನಮ್ಮ ಹೂವು’ ಎಂದು ಬೀಗುವವರಿಗೆ ಒಂದು ಮಾತು: ಇದೂ ಮೆಕ್ಸಿಕೋದಿಂದ ಬಂದದ್ದೇ, ಆಫ್ರಿಕನ್ ಮಾರಿಗೋಲ್ಡ್ ಎಂಬ ಹೆಸರು ಸುಮ್ಮನೆ ಅಂಟಿಕೊಂಡದ್ದು.

ಪಾಪಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಮರ್ಯಾದೆ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ನವೆಂಬರ್ 11ರ ಹೊತ್ತಿಗೆ ಎಲ್ಲರ ಎದೆಯ ಮೇಲೂ ಅದು. ಆ ಯುದ್ಧದ ಶತಮಾನೋತ್ಸವದ ಸಮಯದಲ್ಲಿ ದಿಲ್ಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ನಮ್ಮ ಸೈನಿಕರ ನೆನಪಿಗೆ ಚೆಂಡು ಹೂವನ್ನು ಮುಂದಿಟ್ಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಪಡೆಯವರಿಗೆ ಯಾವ ಹೂವು ಗುರುತಾಗುತ್ತಿತ್ತು ಎಂದು ಕೇಳಿಕೊಂಡರೆ ಆ ಆಯ್ಕೆ ಸರಿ ಎನಿಸುತ್ತದೆ.

ನಾನು ಈ ಲೇಖನ ಬರೆಯಲು ಕಾರಣ ಬೇರೆ. ಕಳೆದ ದಸರಾ. ಇಲ್ಲಿ ಅಂದು ಲೋಕಲ್ ರೈಲಿಗೂ ಝೆಂಡು ಮಾಲೆ, ಆಟೊಗೂ ಮಾಲೆ, ಸ್ಟೇಷನ್ ರಸ್ತೆಯಲ್ಲಿ ರಾಶಿ ರಾಶಿ ಹಳದಿ, ಪಕ್ಕದಲ್ಲಿ ಬಂಗಾರವೆಂದು ಹಂಚುವ ಆಪಟಾ ಎಲೆ. ನಾನು ತಡವಾಗಿ ಇಳಿದೆ. ಕಿಲೋ ರೇಟು ಕೇಳಿ ಜಾಸ್ತಿ ಎನಿಸಿತು. ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೆಂಡಿನ ತೋರಣ ನೇತಾಡುತ್ತಿತ್ತು. ಪ್ರತಿ ವರ್ಷ ತರುವ ತಾಪತ್ರಯ ಬೇಡ ಎಂದು ಕೊಂಡೆ. ಬಾಗಿಲಿಗೆ ಕಟ್ಟುವಾಗ ಅವ್ವ ಸ್ಟೂಲು ಹಿಡಿದುಕೊಂಡಿದ್ದಳು. ಒಂದು ಹೂವನ್ನು ಬೆರಳಲ್ಲಿ ಹಿಸುಕಿ, ಮೂಸಿ, ‘ಇದು ಬಾಡಂಗಿಲ್ಲೇನು?’ ಎಂದಳು.

‘ಇಲ್ಲವ್ವಾ, ಹತ್ತು ವರ್ಷ ಹಿಂಗ ಇರ್ತದ.’

‘ಹಂಗಾದ್ರ ಬೆಳೆಯೋರು ಏನ್ ಮಾಡಬೇಕಪ?’

ಆಯುಧ ಪೂಜೆಯ ಕುಂಕುಮ ಇನ್ನೂ ಲ್ಯಾಪ್‌ಟಾಪಿನ ಮೇಲಿತ್ತು. ಹೂವಿನ ಫೀಯಿಂದ ಎಂಜಿನಿಯರ್ ಆದವನು ಹೂವಿನ ಕಿಲೋ ರೇಟು ಕೇಳಿ ಹಿಂದೆ ಸರಿದಿದ್ದೆ. ಆ ರೇಟಿನಲ್ಲಿ ಬೆಳೆದವನಿಗೆ ಹೋಗುವುದು ಎಷ್ಟು ಕಡಿಮೆ ಎಂಬುದನ್ನು ಬೇರೆಯವರು ಹೇಳಿಕೊಡುವ ಅಗತ್ಯವೂ ನನಗಿರಲಿಲ್ಲ. ಮುಂಬೈ, ಪುಣೆ, ಬೆಂಗಳೂರಿನ ನಮ್ಮಂಥವರ ಬಾಗಿಲುಗಳೆಲ್ಲ ಹತ್ತು ವರ್ಷ ಬಾಡದ ಹೂವಿಗೆ ಒಗ್ಗಿಕೊಂಡರೆ, ವರ್ಷಕ್ಕೆ ಎರಡೇ ವಾರ ಒಳ್ಳೆಯ ರೇಟು ಕಾಣುವ ಬೆಳೆ ಯಾವ ಧೈರ್ಯದಲ್ಲಿ ನಿಂತೀತು? ಕಿಲೋಗೆ ನಲವತ್ತು ಐವತ್ತು ಹೆಚ್ಚಾಯಿತೆಂದು ಪ್ಲಾಸ್ಟಿಕ್ ಕೊಳ್ಳುವ ನಾವು ಶನಿವಾರದ ಕಾಫಿಗೆ ಅದರ ಎಷ್ಟು ಪಟ್ಟು ಕೊಡುತ್ತೇವೆ, ಲೆಕ್ಕ ಹಾಕಬಹುದು. ಪಾಪಿ ಬೆಳೆಸಿ, ಬೇಡ ಎನ್ನುವುದಿಲ್ಲ, ಜಾತಿಯ ಹೆಸರು ನೋಡಿ ಬೆಳೆಸಿ. ಬಾಗಿಲಿಗೆ ಮಾತ್ರ ಬಾಡುವ ಹೂವನ್ನೇ ಕಟ್ಟಿ.

ತೋರಣ ತೆಗೆದುಹಾಕಿದ್ದೇನೆ. ಈ ಜುಲೈನಲ್ಲಿ ಅವ್ವನ ಗಂಟು ಬಿಚ್ಚಿ ಐದು ಕುಂಡಕ್ಕೆ ಚೆಂಡಿನ ಬೀಜ ಹಾಕಿದೆವು, ನಾಲ್ಕೇ ದಿನಕ್ಕೆ ಮೊಳಕೆ ಬಂತು. ಆರನೆಯದನ್ನು ಖಾಲಿ ಇಡಲು ಅವ್ವನೇ ಹೇಳಿದ್ದಾಳೆ, ನವೆಂಬರ್‌ನಲ್ಲಿ ಪಾಪಿಗೆಂದು. ‘ಈ ಸಲ ಐತ್ವಾರ ಅರಳೋ ಹಾಂಗ ಹಾಕು’ ಎಂದಿದ್ದಾಳೆ.