ಕಣ್ಣಿರುವ ದೋಣಿಗಳ ಊರಲ್ಲಿ ಒಂದು ದಿನ

ಮಾಲ್ಟಾ ಅಂತ ಹುಡುಕಿದ್ರೆ ಮೊಬೈಲ್ ತುಂಬಾ ಹಳದಿ, ನೀಲಿ, ಕೆಂಪು, ಹಸಿರು ಬಣ್ಣದ ದೋಣಿಗಳು. ಅವು ಮಾರ್ಸಾಶ್ಲೊಕ್ ಎಂಬ ಮೀನುಗಾರರ ಊರಿನವು. ರಾಜಧಾನಿ ವ್ಯಾಲೆಟ್ಟಾದಿಂದ ಸುಮಾರು 10 ಕಿ.ಮೀ. ಹೋದ ಅಕ್ಟೋಬರ್‌ನಲ್ಲಿ ಬಸ್ಸು ಹತ್ತಿ ಹೋಗಿ, ಒಂದು ಭಾನುವಾರ ಪೂರ್ತಿ ಅಲ್ಲೇ ಕಳೆದೆ.

ಈ ದೋಣಿಗೆ ಲುತ್ಸು ಅಂತಾರೆ. ಮುಂಭಾಗದ ಎರಡೂ ಬದಿಗೆ ಒಂದೊಂದು ಕಣ್ಣು. ಸಮುದ್ರದಲ್ಲಿ ಕೇಡು ತಟ್ಟದಿರಲಿ ಎಂಬ ನಂಬಿಕೆ. ನಮ್ಮಲ್ಲಿ ದೃಷ್ಟಿಬೊಟ್ಟು ಇಡೋ ಹಾಗೆ.

ಬೆಳಿಗ್ಗೆ ದಂಡೆಯುದ್ದಕ್ಕೂ ಮೀನು ಸಂತೆ. ಆಗಸ್ಟ್ ಮಧ್ಯದಿಂದ ಡಿಸೆಂಬರ್‌ವರೆಗೆ ಲಂಪೂಕಿ ಮೀನಿನ ಕಾಲ. ಹಿಡಿಯೋ ಉಪಾಯ ಮಜವಾಗಿದೆ. ಪಾಮ್ ಮರದ ಗರಿಗಳನ್ನು ಸಮುದ್ರದ ಮೇಲೆ ತೇಲಿಬಿಡ್ತಾರೆ. ನೆರಳಿಗೆ ಮೀನು ಬಂದು ಸೇರುತ್ತೆ, ಆಗ ಸುತ್ತ ಬಲೆ ಹಾಕ್ತಾರೆ.

ಮಧ್ಯಾಹ್ನ ಬಲೆ ಹೆಣೀತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. "ಎಲ್ಲರೂ ದೋಣಿ ಫೋಟೊ ತೆಗೀತಾರೆ, ಮೀನಿನ ರೇಟ್ ಕೇಳೋರು ಕಮ್ಮಿ" ಅಂದ್ರು. ಅವರ ಮಗ ಈಗ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸ್ತಾನಂತೆ. ಬೆಳಗಿನ ಜಾವ 3ಕ್ಕೆ ಏಳೋದು ಬೇಡ, ಬರಿಗೈಲಿ ವಾಪಸ್ ಬರೋ ಭಯಾನೂ ಇಲ್ಲ. ತಪ್ಪು ಅನ್ನೋಕಾಗಲ್ಲ. ಆದರೆ ಮೀನಿಗೆ ಹೋಗೋರೇ ಇಲ್ಲದ ಮೇಲೆ ಆ ಕಣ್ಣು ಬರೀ ಅಲಂಕಾರ ಅಷ್ಟೇ.

ನೀವು ಹೋದ್ರೆ ಫೋಟೊ ಖಂಡಿತ ತೆಗೀರಿ. ಸಂತೆಗೆ ಬೇಗ ಹೋಗಿ, ಹೊತ್ತೇರಿದಂತೆ ಒಳ್ಳೆ ಮೀನು ಉಳಿಯಲ್ಲ. ಊಟಕ್ಕೆ ಕೂತಾಗ "ಇವತ್ತು ಇಲ್ಲಿನ ದೋಣಿಗೆ ಸಿಕ್ಕಿದ್ದು ಯಾವುದು?" ಅಂತ ಕೇಳಿ ಅದನ್ನೇ ಆರ್ಡರ್ ಮಾಡಿ.