ಮುಖದ ನೆರಿಗೆ ತೆಗೆಸುವ ಮುನ್ನ

ಕಳೆದ ಬೇಸಿಗೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಕುಳಗೇರಿ ಕ್ರಾಸಿನ ನನ್ನ ದವಾಖಾನೆಗೆ ಬಂದು, ಉಳಿದ ರೋಗಿಗಳೆಲ್ಲ ಹೋಗುವವರೆಗೂ ಕಾದು ಕುಳಿತರು. ಆಮೇಲೆ ಕದ ಮುಂದೆ ಮಾಡಿ, "ಡಾಕ್ಟರ್ರೀ, ನಗಬ್ಯಾಡ್ರಿ. ಮಾರಿ ಮ್ಯಾಲಿನ ನಿರಿಗಿ ತಗಸಬೇಕಂತ ಮಾಡೇನಿ. ಮನ್ಯಾಗ ಯಾರಿಗೂ ಹೇಳಿಲ್ರಿ" ಎಂದರು. ಅವರ ಮೊಬೈಲಿನಲ್ಲಿ ದೊಡ್ಡ ಊರಿನ ಕ್ಲಿನಿಕ್ಕೊಂದರ ಜಾಹೀರಾತು ಇತ್ತು. ಬೆಳಿಗ್ಗೆ ಬಂದವರು ಸಂಜೆ ಮನೆಗೆ ಹೋಗಬಹುದು ಎಂಬುದು ಅದರ ಸಾರಾಂಶ.

ನಾನು ನಗಲಿಲ್ಲ. ಬಿಳಿಗೂದಲಿಗೆ ಬಣ್ಣ ಹಚ್ಚುವ ನನಗೆ ನಗುವ ಹಕ್ಕೂ ಇಲ್ಲ. ಚೆನ್ನಾಗಿ ಕಾಣಬೇಕೆಂಬ ಆಸೆ ಅಪರಾಧವಲ್ಲ. ಅವರ ಮಾತಿನಲ್ಲಿ ನನ್ನನ್ನು ಹೆದರಿಸಿದ್ದು ಕೊನೆಯ ವಾಕ್ಯ ಮಾತ್ರ.

ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ನಿಮಗೆ ನೆನಪಿರಬಹುದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಹೋದ ಆ ಹುಡುಗಿ ಬದುಕಿ ಬರಲಿಲ್ಲ. ವಯಸ್ಸು ಕೇವಲ 21. ತಮಗೆ ಮೊದಲೇ ತಿಳಿಸಿರಲಿಲ್ಲ ಎಂದು ಹೆತ್ತವರು ಗೋಳಾಡಿದರು. ವೈದ್ಯರ ನಿರ್ಲಕ್ಷ್ಯವೆಂದು ದೂರಿದರು. ಅದು ಮುಖದ ಶಸ್ತ್ರಕ್ರಿಯೆಯಲ್ಲ, ನಿಜ. ಆದರೆ ಸೌಂದರ್ಯಕ್ಕಾಗಿ ಮಾಡಿಸುವುದು ಸಣ್ಣ ಕೆಲಸ, ಬ್ಯೂಟಿ ಪಾರ್ಲರಿಗೆ ಹೋಗಿ ಬಂದಂತೆ ಎಂಬ ತಪ್ಪು ತಿಳಿವಳಿಕೆ ಎರಡಕ್ಕೂ ಒಂದೇ.

ಫೇಸ್‌ಲಿಫ್ಟ್ ಎಂದರೆ ಏನು ಮಾಡುತ್ತಾರೆ? ಕಪಾಲದ ಬದಿಯ ಕೂದಲಿನಂಚಿನಿಂದ ಕಿವಿಯ ಮುಂದೆ ಇಳಿದು, ಕಿವಿಯ ಹಾಲೆಯನ್ನು ಸುತ್ತಿ ಹಿಂಭಾಗದವರೆಗೆ ಚರ್ಮವನ್ನು ಕೊಯ್ಯುತ್ತಾರೆ. ಕೆನ್ನೆ ಮತ್ತು ಕತ್ತಿನ ಚರ್ಮವನ್ನು ಬಿಡಿಸಿ, ಅದರಡಿಯ ಪೊರೆಯನ್ನು ಬಿಗಿಯಾಗಿ ಎಳೆದು ಹೊಲಿದು, ಹೆಚ್ಚಾದ ಚರ್ಮವನ್ನು ಕತ್ತರಿಸುತ್ತಾರೆ. ಹಲವು ತಾಸುಗಳ ಕೆಲಸ. ಮುಖದ ಸ್ನಾಯುಗಳನ್ನು ಆಡಿಸುವ ನರ ಅಲ್ಲಿಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಹುಬ್ಬು ಏಳುವುದಿಲ್ಲ, ತುಟಿ ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ ಇದು ಕಾಲಕ್ರಮೇಣ ಸರಿಹೋಗುತ್ತದೆ, ಅಪರೂಪಕ್ಕೆ ಶಾಶ್ವತವಾಗಿ ಉಳಿಯುತ್ತದೆ. ಬಾವು, ಕಂದು ಕಲೆ ಎರಡು ಮೂರು ವಾರ ಇರುತ್ತವೆ. ಕೆನ್ನೆ, ಕಿವಿ ಜೋಮು ಹಿಡಿದಂತಿರುವುದು ತಿಂಗಳುಗಟ್ಟಲೆ.

ನಮ್ಮ ಭಾಗದವರು ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದಿದೆ. ಈ ಶಸ್ತ್ರಕ್ರಿಯೆಯಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಎಂದರೆ ಚರ್ಮದಡಿ ರಕ್ತ ಸೋರಿ ಗಡ್ಡೆಯಾಗುವುದು. ಬಹುಪಾಲು ಮೊದಲ 24 ತಾಸಿನೊಳಗೇ ಆಗುತ್ತದೆ. ರಕ್ತದೊತ್ತಡ ಹೆಚ್ಚಿದ್ದವರಿಗೂ ಗಂಡಸರಿಗೂ ಇದರ ಅಪಾಯ ಜಾಸ್ತಿ. ಒಂದೇ ಕಡೆಯ ಕೆನ್ನೆ ಒಮ್ಮೆಲೇ ಬಿಗಿದು ಊದಿ, ನೋವು ಏರತೊಡಗಿದರೆ ಆ ಕ್ಷಣವೇ ಹೊಲಿಗೆ ಬಿಚ್ಚಿ ರಕ್ತ ತೆಗೆಯಬೇಕು. ತಡವಾದರೆ ಮೇಲಿನ ಚರ್ಮ ಸಾಯುತ್ತದೆ. ಸಂಜೆ ಬಸ್ಸು ಹತ್ತಿ ಕ್ರಾಸಿಗೆ ಬಂದಿಳಿದವರಿಗೆ ನಡುರಾತ್ರಿ ಹೀಗಾದರೆ ನಾನೇನು ಮಾಡಲಿ? ನನ್ನಲ್ಲಿ ಶಸ್ತ್ರಕ್ರಿಯಾ ಕೋಣೆಯೇ ಇಲ್ಲ. ಆದ್ದರಿಂದ ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಇರಿ. ಆಮೇಲಿನ ಕೆಲವು ದಿನ ಸರ್ಜನ್ ಇರುವ ಊರಲ್ಲೇ ಉಳಿಯಿರಿ. ಜೊತೆಗೆ ಮನೆಯವರೊಬ್ಬರು ಇರಲೇಬೇಕು. ಗುಟ್ಟು ಮಾಡಿದವರಿಗೆ ಇದು ಹೇಗೆ ಸಾಧ್ಯ?

ತಂಬಾಕಿನ ಮಾತು. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತನಾಳಗಳು ಕುಗ್ಗಿ, ಎಳೆದು ಹೊಲಿದ ಚರ್ಮ ಕಪ್ಪಾಗಿ ಕೊಳೆಯುವ ಸಂಭವ ಹಲವು ಪಟ್ಟು ಹೆಚ್ಚು. "ನಾ ಸೇದೂದಿಲ್ರಿ" ಎನ್ನುವ ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ಹಚ್ಚುವ ಮಿಶ್ರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಿಶ್ರಿ, ನಶ್ಯ, ಗುಟ್ಕಾ, ಎಲೆಯೊಂದಿಗಿನ ತಂಬಾಕು, ಎಲ್ಲದರಲ್ಲೂ ನಿಕೋಟಿನ್ ಇದೆ. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಗುಳಿಗೆಗಳನ್ನೂ, ಗಿಡಮೂಲಿಕೆಯ ಔಷಧಗಳನ್ನೂ ಸರ್ಜನ್‌ಗೆ ತೋರಿಸಿ. ಹೃದಯದ ಕಾಯಿಲೆಗಾಗಿ ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಿದಿರೋ, ಮುಖ ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳುತ್ತೀರಿ.

ಯಾರು ಮಾಡಬೇಕು? ನಾನು ಎಂ.ಬಿ.ಬಿ.ಎಸ್. ನಾನು ಮಾಡಬಾರದು, ನನ್ನಂಥ ಇನ್ನೊಬ್ಬ ಎಂ.ಬಿ.ಬಿ.ಎಸ್. ಕೈಯಲ್ಲೂ ಮಾಡಿಸಬೇಡಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ ಎಂದು ಕೇಳಿ. ಬೋರ್ಡಿನ ಮೇಲೆ 'ಕಾಸ್ಮೆಟಾಲಜಿಸ್ಟ್' ಎಂದು ಬರೆಸಿಕೊಂಡವರೆಲ್ಲ ಸರ್ಜನ್‌ಗಳಲ್ಲ. ಕಾರ್ಯಾಗಾರದಲ್ಲಿ ಕುಳಿತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ಇಂಥ ಚಿಕಿತ್ಸೆಗೆ ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಗಿ ಬಂತು. ಅಂದ ಮೇಲೆ ಹಾಗೆ ಕಲಿತವರು ಇದ್ದಾರೆಂದೇ ಅರ್ಥವಲ್ಲವೇ! ಅರಿವಳಿಕೆ ಕೊಡುವವರು ಯಾರು, ತುರ್ತು ಬಂದರೆ ತೀವ್ರ ನಿಗಾ ಘಟಕ ಅಲ್ಲಿಯೇ ಇದೆಯೇ ಎಂದೂ ವಿಚಾರಿಸಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ನೋಂದಣಿ ಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. ಕೇಳಲು ಸಂಕೋಚ ಬೇಡ, ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ? ವಿಮೆಯನ್ನಂತೂ ನಂಬಿ ಹೋಗಬೇಡಿ. ಬರೀ ಸೌಂದರ್ಯಕ್ಕಾಗಿ ಮಾಡಿಸಿದ್ದಕ್ಕೆ ಅದು ಹಣ ಕೊಡದು.

ಇಷ್ಟಾಗಿಯೂ ವಯಸ್ಸು ನಿಲ್ಲುವುದಿಲ್ಲ. ಕೆಲವು ವರ್ಷಗಳಲ್ಲಿ ಚರ್ಮ ಮತ್ತೆ ಸಡಿಲಾಗುತ್ತದೆ. ಕೆನ್ನೆಯ ಬಂಗು, ಬಿಸಿಲಿನ ಕಪ್ಪು, ಸಣ್ಣ ಗೆರೆಗಳು ಫೇಸ್‌ಲಿಫ್ಟ್‌ನಿಂದ ಹೋಗುವುದೂ ಇಲ್ಲ. ಅವಕ್ಕೆ ಬೇರೆ ಚಿಕಿತ್ಸೆ ಇದೆ. ಔಷಧ ಅಂಗಡಿಯಿಂದ ತಂದು ಹಚ್ಚುವ ಸ್ಟಿರಾಯ್ಡ್ ಮುಲಾಮು ಆ ಚಿಕಿತ್ಸೆಯಲ್ಲ, ಅದು ಚರ್ಮವನ್ನು ತೆಳುವಾಗಿಸಿ ಹಾಳು ಮಾಡುತ್ತದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ.

ಆ ಶಿಕ್ಷಕಿಯ ರಕ್ತದೊತ್ತಡ ಅಂದು 170/100 ಇತ್ತು. ಮಿಶ್ರಿ ಹಚ್ಚುವ ಅಭ್ಯಾಸ ಮೂವತ್ತು ವರ್ಷದ್ದು. ಮುಂದಿನ ವಾರ ಸೊಸೆಯನ್ನು ಕರೆದುಕೊಂಡು ಬಂದರು. ಗುಳಿಗೆ ಶುರುವಾಗಿದೆ, ಮಿಶ್ರಿ ಡಬ್ಬಿಯನ್ನು ಸೊಸೆ ಬಚ್ಚಿಟ್ಟಿದ್ದಾಳೆ. ಒತ್ತಡ ಹತೋಟಿಗೆ ಬಂದ ಮೇಲೆ ಹುಬ್ಬಳ್ಳಿಯ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ಚೀಟಿ ಬರೆದು ಕೊಡುತ್ತೇನೆಂದು ಹೇಳಿದ್ದೇನೆ.